ಚರಗದ ಬುತ್ತಿಯೂ ಬೀಸುಕಲ್ಲಿನ ಹಾಡೂ

೧

ಜನಪದದ ಹಾಡುಗಳನ್ನು ಕೂಡಿಸಿ ಅಚ್ಚಿಗೆ ತರುವ ಕಾರ್ಯವು ಕನ್ನಡಿಗರ ಕೈಯಿಂದಲೇ ಶ್ರದ್ಧಾಪೂರ್ವಕವಾಗಿ ನಡೆದ ಸ್ಥಳಗಳಲ್ಲಿ ಹಲಸಂಗಿಯ ಹೆಸರನ್ನು ಮೊದಲಿಗೇ ಹೇಳಬೇಕಾಗುತ್ತದೆ. ಹಳೆಯ ಇಂಡಿ ತಾಲ್ಲೂಕಿನ ಈ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ತಮ್ಮ ತಾಯಂದಿರು, ಅಕ್ಕತಂಗಿಯರು, ನೆರೆಹೊರೆಯವರು ಬೀಸುವಾಗಲೂ ಕುಟ್ಟುವಾಗಲೂ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. ಅದರ ಫಲವಾಗಿ ೧೯೩೧ರಲ್ಲಿ ‘ಗರತಿಯ ಹಾಡು’, ೧೯೩೩ರಲ್ಲಿ ‘ಜೀವನ ಸಂಗೀತ’, ೧೯೩೫ರಲ್ಲಿ ‘ಮಲ್ಲಿಗೆ ದಂಡೆ’ ಎಂಬ ಗ್ರಂಥಗಳು ಹೊರಬಂದವು. ಓದುಬರಹವಿಲ್ಲದ ಹೆಂಗಸರ ಬಾಯಲ್ಲಿಯೂ ಉತ್ತಮ ಕಾವ್ಯವಿರಬಲ್ಲುದೆಂಬುದನ್ನು ವಿದ್ವಾಂಸರಿಂದ ಒಪ್ಪಿಸಿದುದು ಈ ಗ್ರಂಥಗಳ ಮಹತ್ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಕಾರ್ಯವು ಎಷ್ಟು ದೊಡ್ಡದಾಗಿರುವುದೋ ಅದು ಮುಂದಿನವರ ದೃಷ್ಟಿಯನ್ನು ಅಷ್ಟರ ಮಟ್ಟಿಗೆ ಒಂದೇ ಕಡೆಗೆ ತಿರುಗಿಸುವುದೂ ಸಹಜವೇ. ‘ಗರತಿಯ ಹಾಡು’ ಎಂಬ ಹೆಸರೇ ಮನೆಯನ್ನು ಸೂಚಿಸುವುದು. ತವರು, ತಾಯಿ, ಅಣ್ಣತಮ್ಮಂದಿರು, ಗಂಡ, ಹಸುಗೂಸು, ಇವರ ಸುತ್ತಲೇ ಆ ಹಾಡುಗಳ ಭಾವವು ಹೆಣೆದುಕೊಂಡಿರುವುದು. ಹೊಲವು ಅಲ್ಲಿ ಬಹುಮಟ್ಟಿಗೆ ಹಿನ್ನೆಲೆಯಾಗಿ ನಿಂತಿದೆ. ಇದಾದ ಮೇಲೆ ಬಂದ ಜಾನಪದ ವಿಮರ್ಶೆಯು ಸಾಮಾನ್ಯವಾಗಿ ಮಾತಿನಲ್ಲಿ ಸಿಕ್ಕಿದುದನ್ನೇ ಸಾಹಿತ್ಯವೆಂದು ಎಣಿಸಿ, ಮಾತು ಕಡಮೆಯಾಗಿ ಕೃತಿ ಹೆಚ್ಚಾಗಿರುವ ಆಚರಣೆಗಳನ್ನು ‘ಹಬ್ಬಹರಿದಿನಗಳು’ ಎಂಬ ಪ್ರಕರಣಕ್ಕೆ ಸೇರಿಸಿ ಕೈತೊಳೆದುಕೊಂಡಿತು. ಹೀಗೆ ಬದಿಗೆ ಸರಿದ ಆಚರಣೆಗಳಲ್ಲಿ ಎಳ್ಳಮಾವಾಸ್ಯೆಯ ಚರಗವು ಮುಖ್ಯವಾದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಊರಿಗೆ ಊರೇ ಮನೆಯ ಬಾಗಿಲು ಮುಚ್ಚಿ ಹೊಲಕ್ಕೆ ಹೋಗಿ ಉಣ್ಣುವ ದಿನವದು. ಈ ಊಟವನ್ನು ಬರಿಯ ಸಂಭ್ರಮವೆಂದಾಗಲಿ ಬರಿಯ ಮೂಢಾಚಾರವೆಂದಾಗಲಿ ಕಾಣದೆ, ಬೀಸುಕಲ್ಲಿನ ಹಾಡಿನಷ್ಟೇ ಎಚ್ಚರದಿಂದ ಓದಬೇಕಾದ ಒಂದು ರಚನೆಯೆಂದು ಎಣಿಸಿದರೆ ಏನು ತಿಳಿಯಬಹುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಊಟದ ಅರ್ಥವು ಹಸಿವಿನ ಅರ್ಥವನ್ನು ಬಿಟ್ಟು ತಿಳಿಯತಕ್ಕದ್ದಲ್ಲ. ಆದುದರಿಂದ ಮೊದಲು ಈ ಸೀಮೆಯ ನೆಲವನ್ನೂ ಮಳೆಯನ್ನೂ ನೋಡಬೇಕು.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಹೆಸರಿಗೆ ಮೂರು ಹೊಳೆಗಳಿದ್ದರೂ ಹೊಲಗಳು ಬಹುಕಾಲ ಮಳೆಯನ್ನೇ ನಂಬಿ ಬಂದವು. ವರ್ಷದಲ್ಲಿ ಬೀಳುವ ಮಳೆಯು ಸರಾಸರಿ ಸುಮಾರು ೬೦೦ ಮಿಲಿಮೀಟರು, ಅದೂ ನಂಬುಗೆಯಿಲ್ಲದುದು. ಮುಂಗಾರು ಕೈಕೊಟ್ಟರೆ ಹಿಂಗಾರು, ಹಿಂಗಾರೂ ಕೈಕೊಟ್ಟರೆ ಗುಳೆ, ಇದು ಇಲ್ಲಿಯ ಒಕ್ಕಲುತನದ ಸಂಕ್ಷೇಪವಾದ ಚರಿತ್ರೆ. ಎರೆಯ ಭೂಮಿಯ ಗುಣವೊಂದೇ ಇದಕ್ಕೆ ಆಸರೆ. ಭಾದ್ರಪದ ಆಶ್ವಿನಗಳಲ್ಲಿ ಬಿದ್ದ ಮಳೆಯನ್ನು ಕರಿಯ ನೆಲವು ಒಡಲಲ್ಲಿಟ್ಟುಕೊಂಡು, ಆ ತೇವದಿಂದಲೂ ಮಾಗಿಯ ಇಬ್ಬನಿಯಿಂದಲೂ ಬಿಳಿಜೋಳ, ಕಡಲೆ, ಕುಸುಬೆ, ಅಗಸೆಗಳನ್ನು ಬೆಳೆಸುವುದು. ಡೋಣಿ ತುಂಬಿ ಹರಿದ ವರ್ಷ ಓಣಿಗಳಲ್ಲೆಲ್ಲ ಕಾಳು ಕಾಣುವುದೆಂಬ ಅರ್ಥದ ಗಾದೆಯು ಈ ಕಡೆಯ ಜನರ ಬಾಯಲ್ಲುಂಟು. ಆ ಗಾದೆಯಲ್ಲಿ ಹಿಗ್ಗಿರುವಷ್ಟೇ ಅಳುಕೂ ಇದೆ. ಡೋಣಿ ಹರಿಯದ ವರ್ಷದ ಮಾತನ್ನು ಅದು ಆಡದೆ ಬಿಟ್ಟಿದೆ.

ಹರಿಯದ ವರ್ಷಗಳ ಲೆಕ್ಕವು ಸಣ್ಣದಲ್ಲ. ೧೭೯೧-೯೨ರ ಘೋರವಾದ ಬರವು, ಹೂಳುವವರಿಲ್ಲದೆ ನೆಲದ ಮೇಲೆ ಉಳಿದ ತಲೆಬುರುಡೆಗಳ ಹೆಸರಿನಿಂದಲೇ ಜನರ ನೆನಪಿನಲ್ಲಿ ನಿಂತಿತು. ೧೮೭೬-೭೮ರ ಕ್ಷಾಮದ ಕಾಲದಲ್ಲಿ ಈ ಪ್ರದೇಶವು ಕಲಾದಗಿ ಜಿಲ್ಲೆಯೆಂಬ ಹೆಸರಿನಲ್ಲಿತ್ತು. ೧೮೭೨ರ ಜನಗಣತಿಯೊಡನೆ ೧೮೮೧ರದನ್ನು ಹೋಲಿಸಿದರೆ, ಜಿಲ್ಲೆಯ ಜನಸಂಖ್ಯೆಯು ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಇಳಿದಿರುವುದು ಕಾಣುತ್ತದೆ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಆ ಅಂಕೆಯು ಬೇರ್ಪಡಿಸಿ ಹೇಳದು. ೧೯೭೨ರ ಸುಮಾರಿನ ಬರವು ಮತ್ತೊಂದು ತಲೆಮಾರಿಗೆ ಅದೇ ಪಾಠವನ್ನು ಕಲಿಸಿತು. ಈ ಜಿಲ್ಲೆಗೆ ಬಿಜಾಪುರವೆಂದು ಹೆಸರಾದುದು, ೧೯೯೭ರಲ್ಲಿ ಬಾಗಲಕೋಟೆಯು ಅದರಿಂದ ಬೇರ್ಪಟ್ಟುದು, ೨೦೧೪ರಲ್ಲಿ ಹೆಸರು ವಿಜಯಪುರವೆಂದು ಮಾರ್ಪಟ್ಟುದು, ಬಳಿಕ ಈ ನಾಲ್ಕು ಹಳೆಯ ತಾಲ್ಲೂಕುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಒಡೆದುಕೊಂಡುದು, ಇವೆಲ್ಲವೂ ಕಾಗದದ ಮೇಲಿನ ಮಾರ್ಪಾಡುಗಳು. ಮಳೆಯ ಅನಿಶ್ಚಯವು ಮಾತ್ರ ಹಾಗೆಯೇ ನಿಂತಿದೆ.

ಇಂತಹ ನೆಲದಲ್ಲಿ ವರ್ಷಕ್ಕೊಮ್ಮೆ ಜನರು ಮಾಡಿದ ಅಡಿಗೆಯ ಮೊದಲ ಪಾಲನ್ನು ಎತ್ತಿ ಹೊಲಕ್ಕೆ ಚೆಲ್ಲುವರು. ವಿಚಾರಕ್ಕೆ ಯೋಗ್ಯವಾದ ಸಂಗತಿಯೆಂದರೆ ಇದೇ.

೩

ಎಳ್ಳಮಾವಾಸ್ಯೆಯು ಮಾರ್ಗಶಿರ ಮಾಸದ ಕೊನೆಯ ದಿನ. ಡಿಸೆಂಬರಿನ ಕಡೆಯಲ್ಲಾಗಲಿ ಜನವರಿಯ ಮೊದಲಲ್ಲಾಗಲಿ ಬರುವುದು. ಆಗ ಹಿಂಗಾರಿಯ ಜೋಳವು ಹೊಡೆ ಹಿರಿಯುವ ಹಂತದಲ್ಲಿರುತ್ತದೆ. ಕಡಲೆಯು ಕಾಯಿಗಟ್ಟಿ ಸುಲಗಾಯಿಯಾಗುತ್ತಿರುತ್ತದೆ. ಕುಸುಬೆಯು ಮುಳ್ಳು ಬಲಿಯುತ್ತಿರುತ್ತದೆ. ಪೈರು ಕಣ್ಣಿಗೆ ತುಂಬಿ ಕಾಣುವುದು, ಆದರೆ ಕೈಗೆ ಇನ್ನೂ ಒಂದು ಕಾಳೂ ಬಂದಿರದು. ಮನೆಯ ಹಗೇವಿನಲ್ಲಿ ಕಳೆದ ವರ್ಷದ ಜೋಳವು ತಳ ಕಾಣುವ ಕಾಲವೂ ಅದೇ. ಸುಗ್ಗಿಯ ಹಬ್ಬಗಳೆಲ್ಲ ಬೆಳೆ ಬಂದ ಮೇಲಿನ ಕೃತಜ್ಞತೆ. ಚರಗವಾದರೋ ಬೆಳೆ ಬರುವುದಕ್ಕೆ ಮೊದಲಿನ ಹಬ್ಬ. ಈ ಕಾಲನಿರ್ಣಯವನ್ನು ಗಮನಿಸದ ವ್ಯಾಖ್ಯಾನವು ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುವುದು.

ಹಬ್ಬದ ಹಿಂದಿನ ರಾತ್ರಿಯಿಂದಲೇ ಹೆಂಗಸರ ದುಡಿಮೆಯು ಮೊದಲಾಗುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾದ ಹೋಳಿಗೆ, ಎಣ್ಣೆಗಾಯಿ ಬದನೆ, ಕಾಳುಪಲ್ಯ, ಪುಂಡಿಪಲ್ಯ, ಗುರೆಳ್ಳಿನ ಹಾಗೂ ಅಗಸೆಯ ಹಿಂಡಿ, ಮೊಸರನ್ನ, ಇವು ಆ ಬುತ್ತಿಯ ಸಾಮಾನ್ಯವಾದ ಅಂಗಗಳು. ಇವುಗಳಲ್ಲಿ ಬಹುಪಾಲು ಎರೆಯ ಹೊಲದಲ್ಲಿ ಮಳೆಯನ್ನೇ ನೆಚ್ಚಿ ಬೆಳೆಯುವ ಪದಾರ್ಥಗಳು. ಬಡವನ ಮನೆಯಲ್ಲಿ ಬಗೆಗಳು ಕಡಮೆಯಾಗಬಹುದು. ರೊಟ್ಟಿ, ಪಲ್ಯ, ಹಿಂಡಿಗಳಾದರೂ ಇದ್ದೇ ಇರುವುವು. ಹೊತ್ತು ಏರುವಾಗ ಸಿಂಗರಿಸಿದ ಎತ್ತುಗಳ ಚಕ್ಕಡಿಗಳಲ್ಲಿ ಬುತ್ತಿಯನ್ನು ಹೇರಿಕೊಂಡು ಹೊಲಕ್ಕೆ ಹೊರಡುವರು. ಚಕ್ಕಡಿಗಳು ಕಡಮೆಯಾದ ಮೇಲೆ ಟ್ರ್ಯಾಕ್ಟರುಗಳೂ ಮೋಟಾರು ಬಂಡಿಗಳೂ ಆ ಕೆಲಸಕ್ಕೆ ಬಂದಿವೆ.

ಹೊಲದಲ್ಲಿ ಬನ್ನಿಯ ಗಿಡವಿದ್ದರೆ ಅದರ ಬುಡದಲ್ಲಿ, ಇಲ್ಲದಿದ್ದರೆ ಪೈರಿನ ನಡುವೆಯೇ ಒಂದು ಕಡೆ, ಐದು ಕಲ್ಲುಗಳನ್ನಿಟ್ಟು ಸುಣ್ಣ ಬಳಿದು, ಅವುಗಳನ್ನು ಪಾಂಡವರೆಂದು ಪೂಜಿಸಿ ಎಡೆಯಿಡುವರು. ಬಳಿಕ ಎಲ್ಲ ಅಡಿಗೆಯಿಂದಲೂ ಒಂದೊಂದು ತುತ್ತನ್ನು ತೆಗೆದು ಕಲಸಿ, ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆಯುವರು. ಚೆಲ್ಲುವವನು ಒಂದು ನಿಯತವಾದ ಕೂಗನ್ನು ಕೂಗುವನು. ಕೆಲವೆಡೆ ಹಿಂದೆ ನೀರು ಚಿಮುಕಿಸುತ್ತ ಬರುವ ಇನ್ನೊಬ್ಬನು ಅದಕ್ಕೆ ಮರುನುಡಿಯುವನು. ಊರಿಂದೂರಿಗೆ ರೂಪವನ್ನು ಬದಲಿಸುವ ಆ ಕೂಗಿನ ಅರ್ಥವು ಆಡುವವರಿಗೂ ಮಸುಕಾಗಿ ಹೋಗಿದೆ. ಇಷ್ಟಾದ ಮೇಲೆಯೇ ಮನುಷ್ಯರ ಊಟ. ಆ ಊಟಕ್ಕೆ ಹೊಲವುಳ್ಳವರು ಹೊಲವಿಲ್ಲದವರನ್ನೂ, ಊರಿನಲ್ಲಿ ನೌಕರಿಗೆಂದು ಬಂದು ನೆಲೆಸಿದವರನ್ನೂ, ಪರಿಚಯದವರನ್ನೂ ಕರೆದುಕೊಂಡು ಹೋಗುವುದು ವಾಡಿಕೆ. ಆ ದಿನ ಹೊಲದ ಹಾದಿಯಲ್ಲಿ ಹೋಗುವ ಅಪರಿಚಿತನನ್ನೂ ಉಣ್ಣದೆ ಮುಂದಕ್ಕೆ ಬಿಡುವುದಿಲ್ಲ.

೪

ಈ ರಚನೆಯಲ್ಲಿ ಮುಖ್ಯವಾದುದು ಅನುಕ್ರಮ. ಮೊದಲು ಕಲ್ಲು, ಆಮೇಲೆ ಮಣ್ಣು, ಮಣ್ಣಿನ ಮೇಲಿನ ಹಕ್ಕಿ ಹುಳುಗಳು, ಆಮೇಲೆ ಮನುಷ್ಯರು; ಮನುಷ್ಯರಲ್ಲಿಯೂ ಕರೆದು ತಂದ ಅತಿಥಿಯು ಮೊದಲು, ಒಡೆಯನು ಕಡೆಗೆ. ದಿನನಿತ್ಯದ ಬಾಳಿನಲ್ಲಿ ಅನ್ನವು ಹಂಚಿಕೆಯಾಗುವ ಕ್ರಮವು ಇದಕ್ಕೆ ನೇರವಾಗಿ ವಿರುದ್ಧವಾದುದು. ಅಲ್ಲಿ ಒಡೆಯನ ಕಣಜವು ಮೊದಲು, ಆಯಗಾರರ ಪಾಲು ಆಮೇಲೆ, ಕೂಲಿಯವನಿಗೆ ಉಳಿದುದು, ಹಕ್ಕಿಗೆ ಕವಣೆಯ ಕಲ್ಲು. ರಾಶಿಯ ಕಣದಲ್ಲಿ ಆಯಗಾರರಿಗೆ ಕೊಡುವ ಕಾಳು ವರ್ಷವೆಲ್ಲ ಮಾಡಿದ ಕೆಲಸಕ್ಕೆ ತಕ್ಕುದಾದ ಲೆಕ್ಕ. ಚರಗದ ಅನ್ನಕ್ಕೆ ಲೆಕ್ಕವಿಲ್ಲ. ಉಂಡವನು ಏನನ್ನೂ ಮಾಡಿರಬೇಕಾದುದಿಲ್ಲ, ಮುಂದೆ ಮಾಡಬೇಕಾದುದೂ ಇಲ್ಲ. ಒಂದು ದಿನದ ಮಟ್ಟಿಗೆ ಋಣದ ಭಾಷೆಯನ್ನು ಬಿಟ್ಟು ಬೇರೊಂದು ಭಾಷೆಯಲ್ಲಿ ಅನ್ನವು ಮಾತಾಡುವುದು.

ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯ ನೆಲದಲ್ಲಿ ಈ ಮಾತನ್ನು ಆಡುವಾಗ ದಾಸೋಹದ ನೆನಪು ಬಾರದೆ ಇರದು. ಒಂದು ಅಗುಳನ್ನು ಕಂಡ ಕಾಗೆಯು ತನ್ನ ಬಳಗವನ್ನು ಕರೆಯುವುದನ್ನು ಅವರು ತಮ್ಮ ವಚನವೊಂದರಲ್ಲಿ ಭಕ್ತನಿಗೆ ಮಾದರಿಯಾಗಿ ಹೇಳಿರುವುದು ಸರ್ವವಿದಿತ. ಆದರೆ ಎರಡಕ್ಕೂ ಭೇದವುಂಟು. ದಾಸೋಹವು ಒಂದು ತತ್ತ್ವದಿಂದ ಹೊರಟು ಕಾಯಕದ ಮೂಲಕ ಊಟದ ಪಂಕ್ತಿಗೆ ಬಂದಿತು. ನೀಡುವವನು ತಾನು ನೀಡುವವನೆಂಬುದನ್ನು ಮರೆಯಬೇಕೆಂದು ಅದು ಬೋಧಿಸುವುದು. ಚರಗಕ್ಕೆ ತತ್ತ್ವವಿಲ್ಲ, ಬೋಧೆಯೂ ಇಲ್ಲ. ನೀಡುವವನು ತಾನೇ ಬೇಡುವವನಾಗಿ ನೆಲದ ಮುಂದೆ ನಿಂತಿರುವುದರಿಂದ, ಮರೆಯಬೇಕಾದ ಅಹಂಕಾರಕ್ಕೆ ಅಲ್ಲಿ ಎಡೆಯೇ ಕಡಮೆ. ವಚನವು ಯಾವುದನ್ನು ವಿಚಾರದಿಂದ ಸಾಧಿಸಿತೋ ಅದರ ಒಂದು ಅಂಶವನ್ನು ಈ ಆಚರಣೆಯು ಮಾತಿಲ್ಲದೆ ನಡೆಸಿಕೊಂಡು ಬಂದಿದೆ.

ಪಾಂಡವರ ಕಲ್ಲುಗಳ ವಿಷಯವೂ ವಿಚಾರಾರ್ಹವಾದುದು. ಹೊಲದ ಕಾವಲಿಗೆ ಒಬ್ಬ ವೀರನೋ ಗ್ರಾಮದೇವತೆಯೋ ಸಾಲದೆ, ಈ ಐವರೇ ಏಕೆ ಬೇಕಾದರು? ಭಾರತದ ಕಥೆಯನ್ನು ಬಲ್ಲವರಿಗೆ ಉತ್ತರವು ತಾನಾಗಿ ತೋರುವುದು. ಅವರು ನೆಲವನ್ನು ಕಳೆದುಕೊಂಡವರು; ಹನ್ನೆರಡು ವರ್ಷ ಕಾಡಿನಲ್ಲಿ ಉಂಡವರು; ಕಡೆಗೆ ಐದು ಊರುಗಳಾದರೂ ಸಾಕೆಂದು ಬೇಡಿದವರು. ದ್ರೌಪದಿಯ ಪಾತ್ರೆಯ ಅಂಚಿಗೆ ಅಂಟಿದ್ದ ಒಂದು ಎಲೆ ಸೊಪ್ಪಿನಿಂದ ದೂರ್ವಾಸನ ಪರಿವಾರವೆಲ್ಲ ತಣಿದ ಕಥೆಯೂ ಅವರ ವನವಾಸಕ್ಕೇ ಸೇರಿದುದು. ಆಚರಿಸುವವರು ಈ ಅರ್ಥವನ್ನು ಬಾಯಿಬಿಟ್ಟು ಹೇಳುವರೆಂದಲ್ಲ. ಆದರೆ ಬರದಲ್ಲಿ ಗುಳೆ ಹೋಗಿ ಬಂದವರ ಮಕ್ಕಳು, ಪಟ್ಟವಾಳುವ ಅರಸರನ್ನು ಬಿಟ್ಟು ನೆಲ ತಪ್ಪಿ ಅಲೆದ ಅರಸುಮಕ್ಕಳಿಗೆ ಎಡೆಯಿಡುವುದು ಆಕಸ್ಮಿಕವೆಂದು ತಳ್ಳಿಹಾಕುವುದಕ್ಕಿಂತ, ಒಂದು ಹೊಂದಿಕೆಯೆಂದು ಓದುವುದು ಹೆಚ್ಚು ಸಮಂಜಸ.

ಇನ್ನು ಹೊಲಕ್ಕೂ ಮನೆಗೂ ಇರುವ ಸಂಬಂಧ. ಎಳ್ಳಮಾವಾಸ್ಯೆಯ ಹೊತ್ತಿಗೆ ಭೂಮಿತಾಯಿಯು ಬಸುರಿಯೆಂದೂ, ಚರಗವು ಆಕೆಗೆ ಮಾಡುವ ಸೀಮಂತವೆಂದೂ ಒಕ್ಕಲಿಗರು ಭಾವಿಸುವರು. ಶೀಗೆಯ ಹುಣ್ಣಿಮೆಯ ಆಚರಣೆಯಲ್ಲಿಯೂ ಇದೇ ಭಾವವಿದೆ. ಹೊಡೆಯೊಳಗೆ ತೆನೆಯನ್ನಿಟ್ಟುಕೊಂಡು ನಿಂತ ಜೋಳವನ್ನು ಕಂಡವರಿಗೆ ಈ ಕಲ್ಪನೆಯು ಅಲಂಕಾರವೆನಿಸದು, ಕಂಡುದರ ವರ್ಣನೆಯೆನಿಸುವುದು. ಬಸುರಿಯ ಬಯಕೆಯ ಹಾಡುಗಳು ನಮ್ಮ ಹೆಂಗಸರ ತ್ರಿಪದಿಗಳಲ್ಲಿ ಒಂದು ಪ್ರಸಿದ್ಧವಾದ ವರ್ಗ. ಬಡತನದ ಮನೆಯಲ್ಲಿ ಬಯಕೆಯು ಬರಿಯ ನಾಲಗೆಯ ಚಪಲವಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಂಗಸು ವರ್ಷದಲ್ಲಿ ಒಂದು ಸಲವಾದರೂ ತನಗೆ ಬೇಕಾದುದನ್ನು ಹೆಸರಿಟ್ಟು ಕೇಳಬಹುದಾದ ಅಧಿಕಾರವದು. ಅದೇ ಅಧಿಕಾರವನ್ನು ಚರಗವು ನೆಲಕ್ಕೆ ಕೊಡುವುದು. ವರ್ಷವೆಲ್ಲ ಕೊಟ್ಟು ಕೊಟ್ಟು ಬರಿದಾದುದಕ್ಕೆ ಒಂದು ದಿನ ಮೊದಲ ತುತ್ತು.

ಹೀಗೆ ನೋಡಿದರೆ ಮನೆಯೊಳಗಿನ ಹಾಡೂ ಹೊಲದೊಳಗಿನ ಊಟವೂ ಎರಡು ಬೇರೆ ವಸ್ತುಗಳಲ್ಲ. ಒಂದೇ ಮಾತಿನ ಎರಡು ಪಾದಗಳು. ತ್ರಿಪದಿಯು ಕಪ್ಪೆ ಅರಭಟ್ಟನ ಬಾದಾಮಿಯ ಶಾಸನದಷ್ಟು, ಎಂದರೆ ಸುಮಾರು ೭೦೦ನೆಯ ಇಸವಿಯಷ್ಟು, ಹಳೆಯದಾದ ಕನ್ನಡ ಛಂದಸ್ಸು. ಹನ್ನೊಂದು ಗಣಗಳ ಆ ಸಣ್ಣ ಪಾತ್ರೆಯಲ್ಲಿ ಹಿಡಿಯುವಷ್ಟನ್ನು ಹೆಂಗಸರು ಬೀಸುಕಲ್ಲಿನ ಮುಂದೆ ಹಿಡಿದಿಟ್ಟರು. ಹಿಡಿಯದುದನ್ನು ರೊಟ್ಟಿ ಕಡುಬುಗಳಾಗಿ ಕಟ್ಟಿಕೊಂಡು ಹೊಲಕ್ಕೆ ನಡೆದರು. ಹಿಟ್ಟು ಬೀಸುವಾಗಿನ ಹಾಡನ್ನು ಸಂಗ್ರಹಿಸಿ, ಆ ಹಿಟ್ಟು ಎಲ್ಲಿಗೆ ಹೋಯಿತೆಂದು ಕೇಳದೆ ಬಿಟ್ಟುದು ವಿಮರ್ಶೆಯ ಕೊರತೆ, ಹಾಡಿನ ಕೊರತೆಯಲ್ಲ. ಹಲಸಂಗಿಯ ಗೆಳೆಯರನ್ನು ಇದಕ್ಕಾಗಿ ದೂರುವುದು ಸಲ್ಲದು. ಅವರು ಆ ಹೊಲಗಳಲ್ಲಿಯೇ ಉಂಡು ಬೆಳೆದವರಾದುದರಿಂದ ಚರಗವನ್ನು ಬರೆದು ತೋರಿಸುವ ಅವಶ್ಯಕತೆಯು ಅವರಿಗೆ ಕಾಣದಿದ್ದರೆ ಅದು ಸಹಜ. ಹೊಲದ ಪರಿಚಯವಿಲ್ಲದೆ ಗ್ರಂಥವನ್ನು ಮಾತ್ರ ಓದಿದ ಮುಂದಿನವರಿಗೆ ಆ ಅವಶ್ಯಕತೆಯಿತ್ತು.

೫

ಚರಗದ ವಿಷಯದಲ್ಲಿ ಬಳಕೆಯಲ್ಲಿರುವ ಎರಡು ಅಭಿಪ್ರಾಯಗಳನ್ನು ಇಲ್ಲಿ ಪರೀಕ್ಷಿಸಬೇಕು.

ಮೊದಲನೆಯದು ಇದನ್ನು ವನಭೋಜನವೆಂದು ಕರೆದು ವಿನೋದದ ಪಕ್ಷಕ್ಕೆ ಸೇರಿಸುವುದು. ಈ ಪಕ್ಷದ ಬರೆವಣಿಗೆಯಲ್ಲಿ ಭಕ್ಷ್ಯಗಳ ಪಟ್ಟಿಯೂ ಚಕ್ಕಡಿಯ ಸಿಂಗಾರವೂ ಪುಟಗಳನ್ನು ತುಂಬುವುವು. ಬರದ ಮಾತು ಒಂದು ಸಾಲಿನಲ್ಲಿಯೂ ಬಾರದು. ಓದಿದವನಿಗೆ ಈ ನಾಡು ಸದಾ ಸುಭಿಕ್ಷವಾಗಿರುವುದೆಂಬ ಭ್ರಮೆಯುಂಟಾಗುವುದು. ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದಡಿಯಲ್ಲಿ ನಡೆಯುವ ವನಭೋಜನವು ಮನೆಯ ಊಟವನ್ನು ಹೊರಗೆ ತಂದುದು ಮಾತ್ರ. ಅಲ್ಲಿಯ ವನವು ಉಣ್ಣುವವರ ಅನ್ನದಾತೃವಲ್ಲ. ಚರಗದಲ್ಲಿ ಹೊಲವು ಸ್ಥಳವಲ್ಲ, ಪಂಕ್ತಿಯ ಮೊದಲ ಅತಿಥಿ. ಈ ಭೇದವನ್ನು ಅಳಿಸಿದರೆ ಉಳಿಯುವುದು ರುಚಿಯ ವರ್ಣನೆಯೊಂದೇ.

ಎರಡನೆಯದು ಇದಕ್ಕೆ ವಿರುದ್ಧವಾದ, ವಿಚಾರವಾದಿಗಳ ಆಕ್ಷೇಪ. ಹಸಿದವರಿರುವ ಊರಿನಲ್ಲಿ ಬೇಯಿಸಿದ ಅನ್ನವನ್ನು ಮಣ್ಣಿಗೆ ಚೆಲ್ಲುವುದು ಯಾವ ನ್ಯಾಯವೆಂದು ಅವರು ಕೇಳುವರು. ಪ್ರಶ್ನೆಯು ಪ್ರಾಮಾಣಿಕವಾದುದು, ಉತ್ತರವೂ ಪ್ರಾಮಾಣಿಕವಾಗಿರಬೇಕು. ಚೆಲ್ಲುವ ಅನ್ನವು ತುತ್ತುಗಳ ಲೆಕ್ಕದ್ದು. ಜೊತೆಗೆ ಕೂಡಿಸಿ ಉಣ್ಣಿಸುವ ಅನ್ನವು ಬುತ್ತಿಗಳ ಲೆಕ್ಕದ್ದು. ಚೆಲ್ಲಿದ ತುತ್ತೇ ಉಳಿದ ಬುತ್ತಿಯನ್ನು ಹಂಚತಕ್ಕ ವಸ್ತುವನ್ನಾಗಿ ಮಾಡುವುದು. ಯಾವ ಅನ್ನದ ಮೇಲಿನ ಮೊದಲ ಹಕ್ಕನ್ನು ಒಡೆಯನು ತಾನೇ ಬಿಟ್ಟುಕೊಟ್ಟನೋ, ಆ ಅನ್ನದ ಉಳಿದ ಭಾಗವನ್ನು ತನ್ನದೇ ಎಂದು ಕಟ್ಟಿಟ್ಟುಕೊಳ್ಳುವುದು ಅವನಿಗೆ ಕಷ್ಟವಾಗುವುದು. ಬರಗಾಲದ ನೆಲದಲ್ಲಿ ಸಂಗ್ರಹವು ಎಷ್ಟು ಅವಶ್ಯವೋ, ಒಂದು ಮನೆಯ ಸಂಗ್ರಹವು ತೀರಿದಾಗ ಇನ್ನೊಂದು ಮನೆಯ ಬಾಗಿಲು ತೆರೆದಿರುವುದೂ ಅಷ್ಟೇ ಅವಶ್ಯ. ಆ ಬಾಗಿಲಿನ ಅಭ್ಯಾಸವು ವರ್ಷಕ್ಕೊಮ್ಮೆಯಾದರೂ ಆಗದೆ ಹೋದರೆ, ಅವಶ್ಯಕತೆಯ ದಿನ ಅದು ತೆರೆಯದು. ಚರಗವು ಹಸಿವನ್ನು ತಣಿಸುವ ಉಪಾಯವಲ್ಲ. ಹಸಿದವನನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ.

೬

ಇಷ್ಟನ್ನು ಹೇಳಿದ ಮೇಲೆ ಈ ರಚನೆಯ ಮಿತಿಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ.

ಮೊದಲನೆಯದಾಗಿ, ಕರೆಯುವವನಿಗೆ ಹೊಲವಿರಬೇಕು. ಹೊಲವಿಲ್ಲದವನು ಅತಿಥಿಯಾಗಿ ಬಂದು ಅತಿಥಿಯಾಗಿಯೇ ಮರಳುವನು. ಆ ದಿನದ ಗೌರವವು ಮರುದಿನದ ಕೂಲಿಯ ದರವನ್ನು ಹೆಚ್ಚಿಸದು. ಊರೊಳಗಿನ ಪಂಕ್ತಿಭೇದವು ಊರ ಹೊರಗೆ ಬಂದೊಡನೆ ತಾನಾಗಿ ಅಳಿಯಿತೆಂದು ನಂಬುವುದಕ್ಕೂ ಆಧಾರವಿಲ್ಲ. ನೆಲದ ಮುಂದೆ ಎಲ್ಲರೂ ಬೇಡುವವರೆಂಬ ಭಾವವು ನಿಜವಾದರೂ, ಬೇಡುವ ನೆಲವು ಯಾರ ಹೆಸರಿನಲ್ಲಿದೆಯೆಂಬ ಪ್ರಶ್ನೆಯನ್ನು ಚರಗವು ಎತ್ತುವುದಿಲ್ಲ. ಎರಡನೆಯದಾಗಿ, ಸರಿರಾತ್ರಿಗೆ ಎದ್ದು ರೊಟ್ಟಿ ಬಡಿದವಳ ಸರದಿಯು ಊಟದಲ್ಲಿ ಇಂದಿಗೂ ಕಡೆಯದೇ. ಭೂಮಿಗೆ ಕೊಟ್ಟ ಮೊದಲ ತುತ್ತು, ಭೂಮಿಗೆ ಉಪಮಾನಳಾದ ಹೆಂಗಸಿಗೆ ದೊರೆಯದು. ಬೀಸುಕಲ್ಲಿನ ಹಾಡುಗಳ ಸಂಕಟದ ದನಿಯನ್ನು ಕೇಳಿದವರಿಗೆ ಈ ವೈಪರೀತ್ಯವು ಹೊಸದಲ್ಲ.

ಮೂರನೆಯದು ಇವೆರಡಕ್ಕಿಂತಲೂ ಕಠಿನವಾದುದು. ಎಳ್ಳಮಾವಾಸ್ಯೆಯು ಬರುವ ಕಾಲವೇ ಕಬ್ಬು ಕಡಿಯುವ ಕಾಲ. ಸಕ್ಕರೆಯ ಕಾರಖಾನೆಗಳು ದೀಪಾವಳಿಯ ಸುಮಾರಿಗೆ ನುರಿಸಲು ಮೊದಲುಮಾಡಿ ಫೆಬ್ರವರಿ ಮಾರ್ಚಿಯವರೆಗೆ ನಡೆಯುವುವು. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದಲೂ ಲಂಬಾಣಿ ತಾಂಡೆಗಳಿಂದಲೂ ಕೂಲಿಯ ಜನರು ಬಾಗಲಕೋಟೆ, ಬೆಳಗಾವಿಯ ಕಡೆಗೂ ಪಶ್ಚಿಮ ಮಹಾರಾಷ್ಟ್ರಕ್ಕೂ ಕಬ್ಬು ಕಡಿಯಲು ಹೋಗುವರು. ಇನ್ನು ಕೆಲವರು ಗೋವೆಗೋ ಮುಂಬಯಿ ಪುಣೆಗಳಿಗೋ ಕಟ್ಟಡದ ಕೆಲಸಕ್ಕೆ ಹೋಗುವರು. ಹೀಗಾಗಿ, ಯಾರನ್ನು ಕರೆದು ಉಣ್ಣಿಸುವುದು ಈ ಹಬ್ಬದ ಸಾರವೋ, ಅವರಲ್ಲಿ ಎಷ್ಟೋ ಜನರು ಆ ದಿನ ಊರಿನಲ್ಲಿಯೇ ಇರುವುದಿಲ್ಲ. ಬೇರೊಬ್ಬರ ಹೊಲದಲ್ಲಿ, ಗುಡಿಸಲುಗಳ ಸಾಲಿನಲ್ಲಿ, ಅಮಾವಾಸ್ಯೆಯೆಂಬ ನೆನಪಿಗೂ ಬಿಡುವಿಲ್ಲದೆ ಅವರ ದಿನವು ಕಳೆಯುವುದು. ಊರಿನಲ್ಲಿ ಉಳಿದವರ ಸಂಭ್ರಮವನ್ನು ವರ್ಣಿಸುವ ಬರೆವಣಿಗೆಯು ಈ ಖಾಲಿಯಾದ ಎಡೆಗಳನ್ನು ಎಣಿಸದಿದ್ದರೆ ಅದು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಯಿತು.

ನೀರು ಬಂದ ಕಡೆಯಲ್ಲಿಯೂ ಪ್ರಶ್ನೆಯು ತೀರಿಲ್ಲ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಗೊಂಡ ಆಲಮಟ್ಟಿಯ ಅಣೆಕಟ್ಟನ್ನು ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದರು. ಹಳೆಯ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಈ ಅಣೆಯ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳೂ ಹೊಲಗಳೂ ಮುಳುಗಿದುವು. ಬನ್ನಿಯ ಗಿಡಗಳೂ ಅದರ ಬುಡದ ಕಲ್ಲುಗಳೂ ಅವುಗಳೊಡನೆ ಮುಳುಗಿದುವು. ಕಾಲುವೆಯ ನೀರು ಹರಿದ ಹೊಲಗಳಲ್ಲಿ ಕಬ್ಬು ಬಂದಿತು. ಇಂಡಿಯ ಕಡೆಯಲ್ಲಿ ಲಿಂಬೆ, ದ್ರಾಕ್ಷಿಗಳ ತೋಟಗಳು ಬೆಳೆದುವು. ಬಡತನವನ್ನು ಕಳೆದುಕೊಳ್ಳಲು ಹೊರಟ ರೈತನನ್ನು ಹಳೆಯ ಜೋಳಕ್ಕೇ ಅಂಟಿಕೊಂಡಿರೆಂದು ಹೇಳುವ ಅಧಿಕಾರವು ಜಾನಪದದ ಅಭಿಮಾನಿಗಳಿಗಿಲ್ಲ. ಆದರೆ ಹೊಡೆ ಹಿರಿಯುವ ಜೋಳವಿಲ್ಲದ ಹೊಲದಲ್ಲಿ ಬಸುರಿಯ ಕಲ್ಪನೆಯು ಯಾವುದನ್ನು ಆಶ್ರಯಿಸಿ ನಿಲ್ಲಬೇಕು? ವರ್ಷವೆಲ್ಲ ನೀರುಂಡು ಆಳೆತ್ತರ ನಿಂತ ಕಬ್ಬಿನ ನಡುವೆ ಪಂಕ್ತಿ ಹಾಕಿ ಕೂಡ್ರುವುದಕ್ಕೂ ತಾವಿಲ್ಲ. ಆಚರಣೆಯು ಅಂತಹ ಕಡೆ ಬದುವಿಗೆ ಸರಿಯುವುದು. ಬದುವಿನಿಂದ ಎಲ್ಲಿಗೆ ಸರಿಯುವುದೋ ಕಾಲವೇ ಹೇಳಬೇಕು.

ಆದರೂ ಈ ರಚನೆಗೆ ಒಂದು ಬಲವುಂಟು. ಅದು ಅದರ ಬಡತನದಲ್ಲಿಯೇ ಇದೆ. ಚರಗಕ್ಕೆ ಗುಡಿ ಬೇಡ, ಪೂಜಾರಿ ಬೇಡ, ಗ್ರಂಥ ಬೇಡ. ಐದು ಕಲ್ಲುಗಳು ಇಂತಹ ಗುಡ್ಡದವೇ ಆಗಬೇಕೆಂಬ ನಿಯಮವಿಲ್ಲ. ಎಲ್ಲಿಯ ಕಲ್ಲಿಗೆ ಸುಣ್ಣ ಬಳಿದರೂ ಅವು ಪಾಂಡವರೇ. ಮುಳುಗಿದ ಊರಿನಿಂದ ಎದ್ದು ಹೊಸ ಊರು ಕಟ್ಟಿದವನಿಗೂ, ಪರರ ಹೊಲದ ಗುಡಿಸಲಿನಲ್ಲಿ ದಿನ ಕಳೆಯುವ ಕಬ್ಬು ಕಡಿಯುವವಳಿಗೂ ಅದರ ಸಾಮಗ್ರಿಯು ಕೈಗೆಟುಕದುದಲ್ಲ: ಒಂದು ರೊಟ್ಟಿ, ಐದು ಕಲ್ಲು, ಕರೆಯುವುದಕ್ಕೆ ಪಕ್ಕದ ಗುಡಿಸಲಿನವರು. ನೆಲ ತಪ್ಪಿದವರನ್ನೇ ದೈವವನ್ನಾಗಿ ಮಾಡಿಕೊಂಡ ಆಚರಣೆಯು ನೆಲ ತಪ್ಪಿದವರಿಗೆ ಸಲ್ಲದೆ ಹೋಗಲಾರದು.

ಆದುದರಿಂದ ಈ ಸೀಮೆಯ ಜಾನಪದವನ್ನು ಮುಂದೆ ವಿಚಾರಿಸತಕ್ಕವರು ಎರಡು ಕೆಲಸಗಳನ್ನು ಕೈಗೊಳ್ಳುವುದು ಉಚಿತ. ಹಲಸಂಗಿಯ ಸಂಗ್ರಹಗಳ ತ್ರಿಪದಿಗಳನ್ನು ಹೊಲದ ಕಾಲಮಾನಕ್ಕೆ ಹೊಂದಿಸಿ, ಯಾವ ಹಾಡು ವರ್ಷದ ಯಾವ ಹಿಟ್ಟಿನ ಜೊತೆಯದೆಂಬುದನ್ನು ಹಾಡುವವರಿಂದಲೇ ಕೇಳಿ ತಿಳಿಯುವುದು ಮೊದಲನೆಯದು. ಅರ್ಥ ಮಸುಳಿದ ಚರಗದ ಕೂಗಿನ ಎಲ್ಲ ಪಾಠಾಂತರಗಳನ್ನೂ ಊರೂರಿಗೆ ಹೋಗಿ ಬರೆದುಕೊಳ್ಳುವುದು ಎರಡನೆಯದು. ಹಾಗೆ ಬರೆದುಕೊಳ್ಳುವಾಗ, ಕರೆದರೂ ಬಾರದಷ್ಟು ದೂರದಲ್ಲಿರುವವರ ಹೆಸರುಗಳನ್ನೂ ಊರವರಿಂದ ಕೇಳಿ ಬರೆದುಕೊಂಡರೆ, ಆ ಸಂಗ್ರಹವು ಪೂರ್ಣವಾದೀತು.